ಪರದೆ ಒಂದೇ, ಸರದಿ ಎಲ್ಲರದು

ಕಳೆದ ವರ್ಷ ನಮ್ಮ ಕಾಲೇಜಿನ ಭಾಷಾ ವಿಭಾಗಗಳು ಕೂಡಿ ನಡೆಸಿದ ಒಂದು ದಿನದ ವಿದ್ಯಾರ್ಥಿ ವಿಚಾರಗೋಷ್ಠಿ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ತಮಿಳು, ಇಂಗ್ಲಿಷ್, ತೆಲುಗು, ಕನ್ನಡ ಎಂಬ ನಾಲ್ಕು ವಿಭಾಗಗಳಿಂದ ಒಬ್ಬೊಬ್ಬ ವಿದ್ಯಾರ್ಥಿಯು 20 ನಿಮಿಷಗಳ ಕಾಲ ತನ್ನ ಪ್ರಬಂಧವನ್ನು ಮಂಡಿಸಬೇಕೆಂದು ಗೊತ್ತುಪಡಿಸಲಾಗಿತ್ತು. ನಮ್ಮ ವಿಭಾಗದ ಪರವಾಗಿ, ತಳಿಯ ಕಡೆಯ ಹಳ್ಳಿಯೊಂದರಿಂದ ಬರುವ ವಿದ್ಯಾರ್ಥಿನಿಯೊಬ್ಬಳು ತನ್ನೂರಿನ ಕೆರೆಯ ಏರಿಯ ಮೇಲಿರುವ ವೀರಗಲ್ಲನ್ನು ಕುರಿತು ಮಾತನಾಡುವವಳಿದ್ದಳು. ಬೆಳಗಿನ ಎಳೆಬಿಸಿಲಿನಲ್ಲಿ, ಕೆತ್ತನೆಯ ಗೆರೆಗಳು ನೆರಳಿನಿಂದ ಎದ್ದು ಕಾಣುವ ಹೊತ್ತಿನಲ್ಲಿ, ಅವಳು ಆ ಕಲ್ಲಿನ ಹದಿನೈದು ಚಿತ್ರಗಳನ್ನು ತೆಗೆದು ತಂದಿದ್ದಳು.

ಅವಳ ಸರದಿ ಊಟದ ಅನಂತರ ಬಂದಿತು. ಸಭಾಂಗಣದ ಪ್ರೊಜೆಕ್ಟರಿನಲ್ಲಿ ಬೇರೊಂದು ವಿಭಾಗದ ಕಂಪ್ಯೂಟರಿನ ತಂತಿ ಸಿಕ್ಕಿಸಿತ್ತು. ಅದನ್ನು ಕಿತ್ತು ಇವಳ ಲ್ಯಾಪ್‌ಟಾಪಿನ ತಂತಿಯನ್ನು ಸಿಕ್ಕಿಸಲು ಒಬ್ಬರು ಕುರ್ಚಿಯ ಮೇಲೆ ಹತ್ತಿದರು. ತಂತಿ ಗಿಡ್ಡವಾಯಿತು. ಇನ್ನೊಂದು ತಂತಿ ತಂದರು. ಚಿತ್ರ ಬರಲಿಲ್ಲ, ನೀಲಿ ಪರದೆಯ ಮೇಲೆ ಸಂಕೇತವಿಲ್ಲ ಎಂಬ ಸೂಚನೆ ಮಾತ್ರ ಬಂದಿತು. 13 ನಿಮಿಷಗಳು ಹೀಗೆಯೇ ಕಳೆದವು. ಅಧ್ಯಕ್ಷರು ಸಮಯಪಾಲನೆಯನ್ನು ನೆನಪಿಸಿದರು. ಆ ಹುಡುಗಿ ಲ್ಯಾಪ್‌ಟಾಪನ್ನು ಮುಚ್ಚಿಟ್ಟು, ಕಲ್ಲಿನ ಎತ್ತರವೆಷ್ಟು, ವೀರನ ಕೈಯ ಬಿಲ್ಲು ಯಾವ ಕಡೆಗೆ ಬಾಗಿದೆ ಎಂಬುದನ್ನು ಎರಡೂ ಕೈಗಳಿಂದ ಗಾಳಿಯಲ್ಲಿ ಬರೆದು ತೋರಿಸಿದಳು. ಉಳಿದ ಏಳು ನಿಮಿಷಗಳಲ್ಲಿ ಅವಳು ಆಡಿದ ಮಾತು ಚೆನ್ನಾಗಿಯೇ ಇತ್ತು. ಆದರೆ ಆ ಕಲ್ಲನ್ನು ನಾವಾರೂ ನೋಡಲಿಲ್ಲ.

ಗೋಷ್ಠಿ ಮುಗಿದ ಮೇಲೆ ಸಹೋದ್ಯೋಗಿಯೊಬ್ಬರು ಸಮಾಧಾನದ ದನಿಯಲ್ಲಿಯೇ, ‘ಕನ್ನಡದವರಿಗೆ ಪರದೆ ಏಕೆ ಬೇಕು, ನಿಮ್ಮದು ವಾಚನದ ಪರಂಪರೆಯಲ್ಲವೇ?’ ಎಂದರು. ಅವರ ಮಾತಿನಲ್ಲಿ ಕುಹಕವಿರಲಿಲ್ಲ. ನನಗೆ ನಾಟಿದ್ದು ಬೇರೊಂದು ಕಾರಣಕ್ಕಾಗಿ: ಆ ಮಾತನ್ನು ಇಪ್ಪತ್ತೈದು ವರ್ಷಗಳಿಂದ ಹೇಳುತ್ತ ಬಂದವನು ನಾನೇ. ಹಳಗನ್ನಡಕ್ಕೆ ಪುಸ್ತಕವೂ ಕಂಠವೂ ಸಾಕು, ಯಂತ್ರದ ಹಂಗು ಬೇಡ ಎಂಬುದು ನನ್ನ ನಿಲುವಾಗಿತ್ತು. ಹೀಗೆ ಹೇಳಿ ಹೇಳಿ ಸಭಾಂಗಣದಲ್ಲಿ ನಮ್ಮ ಪಾಲಿನದನ್ನು ನಾವೇ ಬಿಟ್ಟುಕೊಟ್ಟಿದ್ದೆವು. ಕೇಳದೆ ಇದ್ದವರಿಗೆ ತಂತಿ ಗಿಡ್ಡವಾಗುವುದು ಸಹಜ.

ಆದುದರಿಂದ ಈ ಸಂಚಿಕೆಯಲ್ಲಿ ಕಾವ್ಯವನ್ನಾಗಲಿ ಛಂದಸ್ಸನ್ನಾಗಲಿ ಕುರಿತು ಬರೆಯದೆ, ಅಂಗೈಯಗಲದ ಒಂದು ಪೆಟ್ಟಿಗೆಯನ್ನು ಕುರಿತು ಬರೆಯುತ್ತಿದ್ದೇನೆ. ಅದರ ಹೆಸರು ಎಚ್‌ಡಿಎಂಐ ಸ್ವಿಚ್. ವಿಡಿಯೋ ಸ್ವಿಚ್ ಎಂದೂ ಕರೆಯುತ್ತಾರೆ. ಹಲವು ಯಂತ್ರಗಳಿಂದ ಬರುವ ದೃಶ್ಯಗಳಲ್ಲಿ ಒಂದನ್ನು ಆರಿಸಿ ಒಂದು ಪರದೆಗೆ ಕಳುಹಿಸುವುದು ಇದರ ಕೆಲಸ. ಮೂರು, ನಾಲ್ಕು ಅಥವಾ ಐದು ಒಳದಾರಿಗಳು, ಒಂದು ಹೊರದಾರಿ, ಆರಿಸಲು ಒಂದು ಗುಂಡಿ, ಯಾವ ಒಳದಾರಿ ಸದ್ಯಕ್ಕೆ ತೆರೆದಿದೆ ಎಂದು ತಿಳಿಸುವ ಸಣ್ಣ ದೀಪಗಳು. ಸಾಧಾರಣವಾದುದು ಕೆಲವು ನೂರು ರೂಪಾಯಿಗಳಿಗೂ ಸಿಗುತ್ತದೆ. ನಮ್ಮ ವಿಭಾಗದ ವಿದ್ಯಾರ್ಥಿಯೊಬ್ಬ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಒಂದನ್ನು ತಂದುಕೊಟ್ಟ. ಕಳೆದ ಕೆಲವು ತಿಂಗಳುಗಳಿಂದ ಅದನ್ನು ನಮ್ಮ ತರಗತಿಯಲ್ಲಿ ಬಳಸುತ್ತಿದ್ದೇನೆ. ಸಭಾಂಗಣದಲ್ಲಿಯೂ ಇಂಥದೊಂದು ಇರಬೇಕು, ಅದರಲ್ಲಿ ಕನ್ನಡಕ್ಕೆ ಒಂದು ಕಾಯಂ ಒಳದಾರಿ ಇರಬೇಕು, ಮತ್ತು ಅದನ್ನು ನಡೆಸುವ ಬಗೆ ನಿಮಗೆ ತಿಳಿದಿರಬೇಕು ಎಂಬುದು ಈ ಲೇಖನದ ಅಭಿಪ್ರಾಯ.

ಮೊದಲು ಅದರ ಕೆಲಸವನ್ನು ತಿಳಿಯೋಣ. ಎಚ್‌ಡಿಎಂಐ ಎಂಬುದು ಚಿತ್ರವನ್ನೂ ಧ್ವನಿಯನ್ನೂ ಒಂದೇ ತಂತಿಯಲ್ಲಿ ಅಂಕಿಯ ರೂಪದಲ್ಲಿ ಸಾಗಿಸುವ ಏರ್ಪಾಡು. 2002ರ ಕೊನೆಯಲ್ಲಿ ಅದರ ಮೊದಲ ನಿರ್ದಿಷ್ಟ ರೂಪ ಪ್ರಕಟವಾಯಿತು. ಅದಕ್ಕೂ ಹಿಂದೆ ಬಳಕೆಯಲ್ಲಿದ್ದದ್ದು 1987ರಲ್ಲಿ ಬಂದ ವಿಜಿಎ. ಅದರ ನೀಲಿ ತುದಿಯಲ್ಲಿ 15 ಸೂಜಿಗಳು, ಎರಡು ಬದಿಗೂ ಬಿಗಿಯುವ ತಿರುಪುಗಳು. ಎಚ್‌ಡಿಎಂಐ ತುದಿಯಲ್ಲಿ 19 ಸಂಪರ್ಕಗಳಿವೆ, ಆದರೆ ತಿರುಪು ಇಲ್ಲ. ಬರಿಯ ಬಿಗಿತದಿಂದಲೇ ಅದು ನಿಲ್ಲುತ್ತದೆ. ದಿನಕ್ಕೆ ಹತ್ತು ಬಾರಿ ಕಿತ್ತು ಸಿಕ್ಕಿಸಿದರೆ ಆ ಬಿಗಿತ ಸಡಿಲಗೊಳ್ಳುತ್ತದೆ. ಚಾವಣಿಗೆ ತೂಗುಹಾಕಿದ ಪ್ರೊಜೆಕ್ಟರಿನ ಬಾಯಿ ಹಾಳಾದರೆ ರಿಪೇರಿಯ ವೆಚ್ಚ ಸ್ವಿಚ್ಚಿನ ಬೆಲೆಗಿಂತ ಎಷ್ಟೋ ಹೆಚ್ಚು. ಪ್ರೊಜೆಕ್ಟರಿನಿಂದ ಮೇಜಿನವರೆಗೆ ಒಂದು ಉದ್ದ ತಂತಿಯನ್ನು ಒಮ್ಮೆ ಹಾಸಿ, ಅದರ ತುದಿಗೆ ಸ್ವಿಚ್ಚನ್ನು ಇಟ್ಟರೆ, ಮತ್ತಾರೂ ಕುರ್ಚಿಯ ಮೇಲೆ ಹತ್ತಬೇಕಾಗಿಲ್ಲ. ಎಳೆದಾಟವೆಲ್ಲ ಮೇಜಿನ ಮೇಲೆಯೇ ಮುಗಿಯುತ್ತದೆ. ಸವೆದರೆ ಅಗ್ಗದ ಪೆಟ್ಟಿಗೆ ಸವೆಯುತ್ತದೆ.

ಗುಂಡಿ ಒತ್ತಿದೊಡನೆ ಚಿತ್ರ ಬದಲಾಗುವುದಿಲ್ಲ. ಎರಡು ಮೂರು ಕ್ಷಣ ಪರದೆ ಕಪ್ಪಾಗುತ್ತದೆ. ಯಂತ್ರ ಕೆಟ್ಟಿತೆಂದು ಆಗ ಗಾಬರಿಗೊಳ್ಳಬಾರದು. ಆ ಹೊತ್ತಿನಲ್ಲಿ ಪರದೆಗೂ ಹೊಸದಾಗಿ ಆರಿಸಲ್ಪಟ್ಟ ಯಂತ್ರಕ್ಕೂ ಒಂದು ಪರಿಚಯದ ಮಾತುಕತೆ ನಡೆಯುತ್ತಿರುತ್ತದೆ. ತಾನು ಎಷ್ಟು ಅಗಲ, ಎಷ್ಟು ಎತ್ತರದ ಚಿತ್ರವನ್ನು ತೋರಿಸಬಲ್ಲೆ, ಎಂಥ ಧ್ವನಿಯನ್ನು ನುಡಿಸಬಲ್ಲೆ ಎಂಬುದನ್ನು ಪರದೆಯು ಯಂತ್ರಕ್ಕೆ ತಿಳಿಸುತ್ತದೆ. ಯಂತ್ರವು ಅದಕ್ಕೆ ಹೊಂದುವಂತೆ ಕಳುಹಿಸುತ್ತದೆ. ವಿಚಾರಗೋಷ್ಠಿಯ ದಿನ ಚಿತ್ರ ಬಾರದಿರುವುದಕ್ಕೂ ಈ ಮಾತುಕತೆ ಅರ್ಧಕ್ಕೆ ನಿಂತದ್ದೇ ಕಾರಣವಿರಬಹುದು. ಒಂದು ಕ್ಷಣವೂ ಕಾಯದೆ ನಾವು ತಂತಿಯನ್ನು ಮತ್ತೆ ಮತ್ತೆ ಕೀಳುತ್ತಿದ್ದೆವು.

ಇಲ್ಲಿ ಮೂರು ಆಕ್ಷೇಪಗಳು ಬರುತ್ತವೆ. ಮೂರನ್ನೂ ನಾನು ಕೇಳಿದ್ದೇನೆ. ಮೂರರಲ್ಲಿಯೂ ಸ್ವಲ್ಪ ಸತ್ಯವಿದೆ.

ಮೊದಲನೆಯದು: ಸಭಾಂಗಣದಲ್ಲಿ ಒಂದು ಸಾರ್ವಜನಿಕ ಕಂಪ್ಯೂಟರ್ ಇರುವಾಗ, ಎಲ್ಲರೂ ತಮ್ಮ ಬರಹವನ್ನು ಪೆನ್‌ಡ್ರೈವಿನಲ್ಲಿ ತಂದು ಅದಕ್ಕೆ ತುಂಬಿದರೆ ಸಾಲದೇ? ಇಂಗ್ಲಿಷಿಗೆ ಸಾಕು. ಕನ್ನಡಕ್ಕೆ ಸಾಲದು ಎಂಬುದು ನನ್ನ ಅನುಭವ. ಯೂನಿಕೋಡ್ ವ್ಯವಸ್ಥೆಯಲ್ಲಿ ಕನ್ನಡ ಲಿಪಿಗೆ 1991ರ ಮೊದಲ ಆವೃತ್ತಿಯಿಂದಲೇ ಸ್ಥಾನವಿದ್ದರೂ, ನಮ್ಮಲ್ಲಿ ಬಹುಕಾಲ ಬರಹ, ನುಡಿ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿಯೇ ಬೆರಳಚ್ಚು ನಡೆಯಿತು. ಅಂಥ ಕಡತವನ್ನು ಆ ಅಕ್ಷರವಿನ್ಯಾಸವಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ರೋಮನ್ ಅಕ್ಷರಗಳೂ ವಿಚಿತ್ರ ಚಿಹ್ನೆಗಳೂ ಕಲಸಿದ ಸಾಲುಗಳು ಕಾಣುತ್ತವೆ. ನನ್ನ ಹಳೆಯ ಪಾಠಟಿಪ್ಪಣಿಗಳೆಲ್ಲ ಇಂಥವೇ. ಒಮ್ಮೆ ಪಂಪಭಾರತದ ಪಾಠಕ್ಕೆಂದು ಅವನ್ನು ಅಲ್ಲಿ ತೆರೆದಾಗ, ಮುಂದಿನ ಸಾಲಿನಲ್ಲಿದ್ದವನೊಬ್ಬ ‘ಇದು ಯಾವ ಲಿಪಿ ಸರ್?’ ಎಂದು ಗಂಭೀರವಾಗಿಯೇ ಕೇಳಿದ.

ಸ್ವಿಚ್ಚಿನ ಗುಣ ಇಲ್ಲಿಯೇ ತಿಳಿಯುತ್ತದೆ. ಸಾರ್ವಜನಿಕ ಕಂಪ್ಯೂಟರು ನಮ್ಮಿಂದ ಬರಹವನ್ನು ಪಡೆದು, ತನಗೆ ಗೊತ್ತಿದ್ದ ಅಕ್ಷರಗಳಲ್ಲಿ ಅದನ್ನು ತಾನೇ ಬರೆಯುತ್ತದೆ. ಗೊತ್ತಿಲ್ಲದಿದ್ದರೆ ತಪ್ಪಾಗಿ ಬರೆಯುತ್ತದೆ. ಸ್ವಿಚ್ಚು ಬರಹವನ್ನು ಓದುವುದೇ ಇಲ್ಲ. ನಮ್ಮ ಯಂತ್ರವು ನಮ್ಮ ಅಕ್ಷರಗಳಲ್ಲಿ ಬರೆದು ಮುಗಿಸಿದ ಚಿತ್ರವನ್ನು ಅದು ಹಾಗೆಯೇ ದಾಟಿಸುತ್ತದೆ. ಸಾಮಾನ್ಯವಾದ ಒಂದು ಚಿತ್ರದಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಬಿಂದುಗಳು, ಒಟ್ಟು 20 ಲಕ್ಷಕ್ಕೂ ಹೆಚ್ಚು; ಅಂಥ ಚಿತ್ರಗಳು ಸೆಕೆಂಡಿಗೆ 60ರಂತೆ ದಾಟುತ್ತವೆ. ಆ ಬಿಂದುಗಳಲ್ಲಿ ಕನ್ನಡದ ಒತ್ತಕ್ಷರವಿದೆಯೇ, ತಮಿಳಿನ ಪುಳ್ಳಿಯಿದೆಯೇ, ನಾಗರಿಯ ಶಿರೋರೇಖೆಯಿದೆಯೇ ಎಂದು ಅದು ಕೇಳುವುದಿಲ್ಲ. ಬರಹವನ್ನು ಪಿಡಿಎಫ್ ಆಗಿ ಪರಿವರ್ತಿಸಿ ಒಯ್ದರೆ ಅಕ್ಷರದ ತೊಂದರೆ ಬಹುಮಟ್ಟಿಗೆ ನೀಗುತ್ತದೆ ಎಂಬುದು ನಿಜ. ಅದನ್ನು ನೀವು ಕಲಿತೇ ಇರಬೇಕು. ಆದರೆ ತಿದ್ದುತ್ತ, ಬಿಡಿಸುತ್ತ, ಪದಚ್ಛೇದ ಮಾಡುತ್ತ ಪಾಠ ಹೇಳಬೇಕಾದಾಗ ನಮ್ಮ ಯಂತ್ರವೇ ಬೇಕು.

ಎರಡನೆಯ ಆಕ್ಷೇಪ: ಇಂದಿನ ಫೋನುಗಳೂ ಲ್ಯಾಪ್‌ಟಾಪುಗಳೂ ತಂತಿಯಿಲ್ಲದೆಯೇ ಪರದೆಗೆ ಚಿತ್ರ ಕಳುಹಿಸಬಲ್ಲವು, ಈ ತಂತಿಗಳ ಗಂಟು ಏಕೆ? ನಾಲ್ಕು ಜನರಿರುವ ಮನೆಯಲ್ಲಿ ಅದು ಅನುಕೂಲ. ನೂರಾರು ಫೋನುಗಳಿರುವ ಸಭಾಂಗಣದಲ್ಲಿ ವೈಫೈ ಸೊರಗಿದರೆ ಚಿತ್ರ ತಡೆತಡೆದು ಬರುತ್ತದೆ, ಧ್ವನಿ ತುಟಿಗೆ ಹೊಂದುವುದಿಲ್ಲ. ಬಾಗಿಲಲ್ಲಿ ಕುಳಿತವನ ಫೋನು ತಿಳಿದೋ ತಿಳಿಯದೆಯೋ ನಡುವೆ ನುಗ್ಗಲೂಬಹುದು. ಗಮಕ ವಾಚನದ ಮುದ್ರಿಕೆಯನ್ನು ಕೇಳಿಸುವಾಗ ರಾಗದ ನಡುವೆ ಧ್ವನಿ ಕಡಿದರೆ ಪಾಠವೇ ಕಡಿದಂತೆ. ತಂತಿ ಹಳೆಯ ಪದ್ಧತಿಯಾದರೂ ನಂಬಿಕೆಗೆ ಅರ್ಹವಾದುದು. ಫೋನನ್ನು ತಂತಿಯ ಮೂಲಕ ಜೋಡಿಸಬಹುದು. ಆದರೆ ಎಲ್ಲ ಫೋನುಗಳ ಯುಎಸ್‌ಬಿ ಬಾಯಿಯಿಂದಲೂ ಚಿತ್ರ ಹೊರಬರುವುದಿಲ್ಲ. ಆದುದರಿಂದ ಫೋನಿನ ಚಿತ್ರಗಳನ್ನು ಮೊದಲೇ ಲ್ಯಾಪ್‌ಟಾಪಿಗೆ ತುಂಬಿಕೊಳ್ಳುವುದು ಜಾಣತನ.

ಮೂರನೆಯ ಆಕ್ಷೇಪ ನನ್ನದೇ: ಕನ್ನಡ ಪಾಠಕ್ಕೆ ಪರದೆಯಾದರೂ ಏಕೆ? ಕಾವ್ಯದ ಮಟ್ಟಿಗೆ ನಾನು ಇಂದಿಗೂ ಆ ಮಾತನ್ನು ಪೂರ್ತಿಯಾಗಿ ಬಿಟ್ಟಿಲ್ಲ. ಷಟ್ಪದಿಯ ನಡೆ ಕಿವಿಯಿಂದ ಒಳಹೋಗಬೇಕೇ ಹೊರತು ಕಣ್ಣಿನಿಂದಲ್ಲ. ನಾನು ಸೋತದ್ದು ಶಾಸನದ ಪಾಠದಲ್ಲಿ. ನಿಮ್ಮ ಪಠ್ಯಪುಸ್ತಕದಲ್ಲಿ ಶಾಸನವು ಅಚ್ಚಿನ ಅಕ್ಷರಗಳಲ್ಲಿದೆ. ಅದನ್ನು ಓದಿ ಅರ್ಥ ಬರೆದವನು ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತಾನೆ. ಆದರೆ ಅವನನ್ನು ಕಲ್ಲಿನ ಮುಂದೆ ನಿಲ್ಲಿಸಿದರೆ ಒಂದಕ್ಷರವೂ ತಿಳಿಯುವುದಿಲ್ಲ. ಕಲ್ಲಿನ ಚಿತ್ರವನ್ನೂ ಅಚ್ಚಿನ ಪಾಠವನ್ನೂ ಒಂದರ ಬೆನ್ನಿಗೆ ಒಂದನ್ನು ಹತ್ತಾರು ಬಾರಿ ನೋಡಿದಾಗಲೇ ಕಣ್ಣು ಪಳಗುತ್ತದೆ.

ಈಗ ನಮ್ಮ ತರಗತಿಯಲ್ಲಿ ನಡೆಯುವುದು ಇದು. ಮೊದಲನೆಯ ಒಳದಾರಿಯಲ್ಲಿ ಡಾಕ್ಯುಮೆಂಟ್ ಕ್ಯಾಮೆರಾ. ಅದರ ಕೆಳಗೆ ಶಾಸನದ ಪಡಿಯಚ್ಚನ್ನೋ ಪುಸ್ತಕದ ಚಿತ್ರಫಲಕವನ್ನೋ ಇಡುತ್ತೇನೆ. ಎರಡನೆಯದರಲ್ಲಿ ನನ್ನ ಲ್ಯಾಪ್‌ಟಾಪು. ಅದರಲ್ಲಿ ಅಚ್ಚಿನ ಪಾಠ. ಮೂರನೆಯದು ವಿದ್ಯಾರ್ಥಿಗಳಿಗೆ ಮೀಸಲು. ಮೊದಲು ಕಲ್ಲು. ಒಬ್ಬರು ಎದ್ದು ತಮಗೆ ತಿಳಿದಷ್ಟನ್ನು ಓದುತ್ತಾರೆ. ಗುಂಡಿ ಒತ್ತಿದರೆ ಪಾಠ. ಮತ್ತೆ ಒತ್ತಿದರೆ ಕಲ್ಲು. ನಡುವಿನ ಆ ಎರಡು ಮೂರು ಕ್ಷಣಗಳ ಕತ್ತಲೆಯೂ ವ್ಯರ್ಥವಲ್ಲ. ಆಗ ತಾನೇ ನೋಡಿದ ಅಕ್ಷರವನ್ನು ವಿದ್ಯಾರ್ಥಿಯು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಬೇಕಾಗುತ್ತದೆ. ಹಲ್ಮಿಡಿ ಶಾಸನದ ಅಕ್ಷರಗಳು ಇಷ್ಟು ಬೇಗ ಪರಿಚಯವಾದ ತಂಡವನ್ನು ನಾನು ಹಿಂದೆ ಕಂಡಿರಲಿಲ್ಲ.

ಈ ಪಾಠಗಳಲ್ಲಿ ಒಂದು ದಿನ ಶ್ರವಣಬೆಳಗೊಳದ ಚಿತ್ರ ಬಂದಿತು. ಗಂಗ ಅರಸರ ಮಂತ್ರಿಯೂ ಚಾವುಂಡರಾಯ ಪುರಾಣದ ಕರ್ತೃವೂ ಆದ ಚಾವುಂಡರಾಯನು ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಗೊಮ್ಮಟನನ್ನು ನಿಲ್ಲಿಸಿದನೆಂಬುದು ನಿಮಗೆ ಗೊತ್ತಿರುವ ಸಂಗತಿ. ಆ ಮೂರ್ತಿಯ ಪಾದಗಳ ಬಳಿ, ಇದನ್ನು ಮಾಡಿಸಿದವನು ಚಾವುಂಡರಾಯ ಎಂಬ ಒಂದೇ ಮಾತನ್ನು ಕನ್ನಡ, ತಮಿಳು, ಮರಾಠಿ ಎಂಬ ಮೂರು ಭಾಷೆಗಳಲ್ಲಿ ಕೆತ್ತಲಾಗಿದೆ. ಕನ್ನಡದ್ದು ಕನ್ನಡ ಲಿಪಿಯಲ್ಲಿ, ತಮಿಳಿನದು ಗ್ರಂಥ ಮತ್ತು ವಟ್ಟೆಳುತ್ತು ಲಿಪಿಗಳಲ್ಲಿ, ಮರಾಠಿಯದು ನಾಗರಿಯಲ್ಲಿ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಸುತ್ತಾಲಯವನ್ನು ಕಟ್ಟಿಸಿದ ಸಂಗತಿಯೂ ಅಲ್ಲಿಯೇ ಕನ್ನಡ, ಮರಾಠಿ ಎಂಬ ಎರಡು ಭಾಷೆಗಳಲ್ಲಿದೆ. ಮರಾಠಿಯ ಮೊದಮೊದಲ ಶಾಸನಗಳ ಚರ್ಚೆಯಲ್ಲಿ ಈ ಸಾಲುಗಳ ಹೆಸರು ಬಂದೇ ಬರುತ್ತದೆ. ಚಿಕ್ಕಂದಿನಲ್ಲಿ ಮರಾಠಿ ಪಾಠದಲ್ಲಿ ಇದನ್ನು ಕೇಳಿದ್ದೆ; ಮುಂದೆ ಕನ್ನಡ ಪಾಠದಲ್ಲಿಯೂ ಕೇಳಿದೆ; ತಮಿಳುನಾಡಿಗೆ ಬಂದು ಪಾಠ ಹೇಳುವಾಗ ಮೂರನೆಯ ಸಾಲಿನ ಅರ್ಥವನ್ನು ನನಗೆ ಬಿಡಿಸಿ ಹೇಳಿದವರು ನೀವು.

ಆ ಬಂಡೆಗೂ ನಮ್ಮ ಪರದೆಗೂ ಇರುವ ವ್ಯತ್ಯಾಸವನ್ನು ಅಂದು ಗಮನಿಸಿದೆ. ಬಂಡೆಯ ಮೇಲೆ ಮೂರು ಭಾಷೆಗಳಿಗೂ ಒಟ್ಟಿಗೆ ಜಾಗವಿತ್ತು. ಯಾರೂ ಯಾರಿಗಾಗಿಯೂ ಕಾಯಬೇಕಾಗಿರಲಿಲ್ಲ. ಪರದೆಯ ಮೇಲೆ ಹಾಗಿಲ್ಲ. ಸ್ವಿಚ್ಚು ಒಂದು ಸಲಕ್ಕೆ ಒಂದನ್ನು ಮಾತ್ರ ತೋರಿಸುತ್ತದೆ. ಪರದೆಯನ್ನು ನಾಲ್ಕು ಭಾಗವಾಗಿಸಿ ನಾಲ್ಕನ್ನೂ ಕೂಡಿಯೇ ತೋರಿಸುವ ದುಬಾರಿ ಯಂತ್ರಗಳೂ ಇವೆ. ಆದರೆ ಆಗ ಯಾವ ಅಕ್ಷರವೂ ಹಿಂದಿನ ಸಾಲಿನವರಿಗೆ ಕಾಣದು. ಒಂದೇ ಕಾಣುವ ಕಡೆಯಲ್ಲಿ ಸರದಿ ಬೇಕು. ಸರದಿ ಬೇಕಾದಲ್ಲಿ, ಅದನ್ನು ಗೊತ್ತುಪಡಿಸುವವರು ಯಾರು ಎಂಬ ಪ್ರಶ್ನೆ ಬರುತ್ತದೆ.

ಈ ಪ್ರಶ್ನೆಯನ್ನು ನಾನು ಬಹಳ ಹಿಂದೆಯೇ ಎದುರಿಸಿದ್ದೆ. ನಾನು ಓದಿದ್ದು ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆಯ ಕಡೆಯ ಒಂದು ಶಾಲೆಯಲ್ಲಿ. ಕೆಲವು ವರ್ಷ ಮರಾಠಿಯವರೂ ಕನ್ನಡದವರೂ ಒಂದೇ ಕೋಣೆಯಲ್ಲಿ ಕುಳಿತೆವು, ಕರಿಹಲಗೆ ಒಂದೇ. ಗುರುಗಳು ನಡುವೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದಿದ್ದರು. ಎಡಕ್ಕೆ ಮರಾಠಿ, ಬಲಕ್ಕೆ ಕನ್ನಡ. ಲೆಕ್ಕ ದೊಡ್ಡದಾದಾಗ ಮಾತ್ರ ಇಡೀ ಹಲಗೆ ಬೇಕಾಗುತ್ತಿತ್ತು, ಆಗ ಪಾಳಿ. ಪಾಳಿ ಎಂಬ ಮಾತು ಮರಾಠಿಗೂ ನಮ್ಮ ಉತ್ತರದ ಕನ್ನಡಕ್ಕೂ ಸಮಾನ. ಯಾರ ಪಾಳಿ ಮುಗಿಯಿತೋ ಅವರೇ ತಮ್ಮ ಬರಹವನ್ನು ಒರೆಸಬೇಕು, ಇನ್ನೊಬ್ಬರು ಬಂದು ಒರೆಸಕೂಡದು ಎಂಬುದು ಕಟ್ಟುನಿಟ್ಟಾದ ನಿಯಮ. ನಾವು ಕನ್ನಡದವರು ಒಂಬತ್ತು ಮಂದಿ, ಅವರು ಮೂವತ್ತಕ್ಕೂ ಹೆಚ್ಚು. ಆ ನಿಯಮವಿಲ್ಲದಿದ್ದರೆ ನಮ್ಮ ಬಲಭಾಗ ಎಂದೋ ಅಳಿದುಹೋಗುತ್ತಿತ್ತು. ಇಲ್ಲಿ ನೀವು ಪಾಳಿಗೆ ಸರದಿ ಎನ್ನುತ್ತೀರಿ, ತಮಿಳಿನಲ್ಲಿ ಮುಱೈ. ಆ ತಮಿಳು ಪದಕ್ಕೆ ಸರದಿ ಎಂಬ ಅರ್ಥವೂ ಇದೆ, ನ್ಯಾಯವಾದ ನಡೆ ಎಂಬ ಅರ್ಥವೂ ಇದೆ. ಹಳಗನ್ನಡದ ಱಕಾರವನ್ನು ಕಲಿತ ನಿಮಗೆ ಅದನ್ನು ಬರೆಯುವುದು ಕಷ್ಟವಲ್ಲ. ನಡೆಸುವುದು ಮಾತ್ರ ಕಷ್ಟ.

ಕಷ್ಟವೇಕೆಂದರೆ, ಸ್ವಿಚ್ಚಿನೊಳಗೂ ಒಂದು ನಿಯಮ ಅಡಗಿದೆ. ಇಂದು ಸಿಗುವ ಪೆಟ್ಟಿಗೆಗಳಲ್ಲಿ ಅನೇಕವು ಸ್ವಯಂಚಾಲಿತ. ಹೊಸದಾಗಿ ಯಾವ ಯಂತ್ರಕ್ಕೆ ಜೀವ ಬರುತ್ತದೆಯೋ ಅದರ ಕಡೆಗೆ ಪರದೆಯು ತಾನಾಗಿಯೇ ಹೊರಳುತ್ತದೆ. ಸದ್ಯ ಕಾಣುತ್ತಿರುವ ಯಂತ್ರವು ನಿದ್ರೆಗೆ ಜಾರಿದರೆ ಎಚ್ಚರವಾಗಿರುವ ಇನ್ನೊಂದಕ್ಕೆ ಹಾರುತ್ತದೆ. ಮನೆಯಲ್ಲಿ ಇದು ಸೌಕರ್ಯ. ಸಭಾಂಗಣದಲ್ಲಿ ಇದರ ಪರಿಣಾಮ ಬೇರೆ: ಒಬ್ಬರು ಮಾತನಾಡುತ್ತಿರುವಾಗ ಮತ್ತೊಬ್ಬರು ತಮ್ಮ ಲ್ಯಾಪ್‌ಟಾಪನ್ನು ತೆರೆದರೆ ಸಾಕು, ಪರದೆ ಅವರದಾಗುತ್ತದೆ. ನಮ್ಮ ತರಗತಿಯಲ್ಲಿಯೇ ಒಮ್ಮೆ ಹೀಗಾಯಿತು. ಕಲ್ಲಿನ ಮೇಲಿನ ಒಂದು ಅಕ್ಷರವನ್ನು ಕುರಿತು ವಾದ ನಡೆದಿದ್ದಾಗ, ಮೂರನೆಯ ಒಳದಾರಿಯ ಲ್ಯಾಪ್‌ಟಾಪು ಎಚ್ಚರಗೊಂಡು ಯಾರದೋ ಮದುವೆಯ ಚಿತ್ರ ಎದ್ದು ನಿಂತಿತು. ತರಗತಿ ನಕ್ಕಿತು, ನಾನೂ ನಕ್ಕೆ. ಆದರೆ ವಾದ ಅಲ್ಲಿಗೇ ನಿಂತುಹೋಯಿತು.

ಯಂತ್ರವು ಪಕ್ಷಪಾತ ಮಾಡುವುದಿಲ್ಲ ಎಂಬ ಮಾತನ್ನು ನಾವು ಸುಲಭವಾಗಿ ನಂಬುತ್ತೇವೆ. ಅದು ಭಾಷೆಯ ಬಗೆಗೆ ಪಕ್ಷಪಾತ ಮಾಡುವುದಿಲ್ಲ, ನಿಜ. ಆದರೆ ಈಚೆಗೆ ಬಂದವನಿಗೆ, ಮತ್ತೆ ಮತ್ತೆ ಎಚ್ಚರಗೊಳ್ಳುವವನಿಗೆ ಅದು ಜಾಗ ಬಿಟ್ಟುಕೊಡುತ್ತದೆ. ನಾಲ್ಕು ವಿಭಾಗಗಳಲ್ಲಿ ಯಾವುದರ ಯಂತ್ರಗಳು ಹೆಚ್ಚೋ, ಯಾವುದರ ಜನ ಹೆಚ್ಚೋ ಅದರ ಚಿತ್ರವೇ ಹೆಚ್ಚು ಹೊತ್ತು ಕಾಣುತ್ತದೆ. ಇದು ಯಾರ ದುರುದ್ದೇಶವೂ ಅಲ್ಲ. ಯಾರೂ ನಿಯಮ ಮಾಡದಿದ್ದಾಗ ಪೆಟ್ಟಿಗೆಯ ನಿಯಮವೇ ನಡೆಯುತ್ತದೆ, ಅಷ್ಟೆ. ಆದುದರಿಂದ ಸ್ವಯಂಚಾಲನೆಯನ್ನು ನಿಲ್ಲಿಸಿ ಕೈಯಿಂದಲೇ ಆರಿಸುವ ಏರ್ಪಾಡು ಇರುವಂಥ ಪೆಟ್ಟಿಗೆಯನ್ನೇ ಕೊಳ್ಳಬೇಕು. ಎಲ್ಲದರಲ್ಲಿಯೂ ಅದು ಇರುವುದಿಲ್ಲ. ಅಂಗಡಿಯಲ್ಲಿಯೇ ಕೇಳಿ ನೋಡಬೇಕು. ಹಾಗೆಯೇ ಸ್ಪ್ಲಿಟರ್ ಎಂಬ ಇನ್ನೊಂದು ಪೆಟ್ಟಿಗೆಯನ್ನು ಇದೇ ಎಂದು ಕೊಟ್ಟರೆ ತೆಗೆದುಕೊಳ್ಳಬಾರದು. ಅದು ತದ್ವಿರುದ್ಧ: ಒಂದು ಯಂತ್ರದ ಚಿತ್ರವನ್ನು ಹಲವು ಪರದೆಗಳಿಗೆ ಹಂಚುವುದು ಅದರ ಕೆಲಸ. ಇನ್, ಔಟ್ ಎಂಬ ಗುರುತುಗಳನ್ನು ಎಣಿಸಿದರೆ ವ್ಯತ್ಯಾಸ ತಿಳಿಯುತ್ತದೆ.

ಸಭಾಂಗಣಕ್ಕಾಗಿ ನಾನು ಸೂಚಿಸುವ ಕ್ರಮ ಇಷ್ಟು. ನಾಲ್ಕು ಒಳದಾರಿಗಳ ಸ್ವಿಚ್ಚೊಂದು ವೇದಿಕೆಯ ಮೇಜಿನ ಮೇಲೆ ಕಾಯಂ ಆಗಿರಲಿ. ಪ್ರತಿ ವಿಭಾಗಕ್ಕೂ ಒಂದೊಂದು ಒಳದಾರಿ; ಅದರ ಮೇಲೆ ಆಯಾ ವಿಭಾಗದ ಹೆಸರು ಆಯಾ ಲಿಪಿಯಲ್ಲಿ. ಗುಂಡಿಯನ್ನು ಒತ್ತುವ ಅಧಿಕಾರ ಮಾತನಾಡುವವರದಲ್ಲ, ಗೋಷ್ಠಿಯ ಅಧ್ಯಕ್ಷರದು. ಕಾರ್ಯಕ್ರಮ ಆರಂಭವಾಗುವ ಅರ್ಧ ಗಂಟೆಯ ಮುಂಚೆ ನಾಲ್ಕೂ ಯಂತ್ರಗಳನ್ನು ಜೋಡಿಸಿ, ಒಂದೊಂದನ್ನೂ ಒಮ್ಮೆ ತೋರಿಸಿ ನೋಡಬೇಕು. ಹಳೆಯ ವಿಜಿಎ ಬಾಯಿ ಮಾತ್ರವಿರುವ ಲ್ಯಾಪ್‌ಟಾಪಿದ್ದರೆ ಅದಕ್ಕೆ ಬರಿಯ ತಂತಿ ಸಾಲದು, ಪರಿವರ್ತಕ ಬೇಕು. ವಿಜಿಎಯಲ್ಲಿ ಧ್ವನಿಯೂ ಬರುವುದಿಲ್ಲ. ಹೀಗೆ ಮಾಡಿದಾಗ ಯಾರೊಬ್ಬರ ಸರದಿಗಾಗಿಯೂ ಇನ್ನೊಬ್ಬರ ತಂತಿಯನ್ನು ಕೀಳಬೇಕಾಗಿಲ್ಲ. ಕಾಯುತ್ತಿರುವವರ ತಂತಿಯೂ ಜೋಡಿಸಿಯೇ ಇರುತ್ತದೆ. ಸ್ವಿಚ್ಚಿನಲ್ಲಿ ನಾನು ಎಲ್ಲಕ್ಕಿಂತ ಹೆಚ್ಚಾಗಿ ಮೆಚ್ಚುವುದು ಇದನ್ನೇ: ಈಗ ಕಾಣದಿರುವುದು ಇಲ್ಲವಾಗಿರುವುದಿಲ್ಲ.

ಈ ಮಾತನ್ನು ಇಲ್ಲಿನ ವಿದ್ಯಾರ್ಥಿಗಳಿಗೆ ವಿಶೇಷವಾಗಿ ಹೇಳಬೇಕೆನಿಸುತ್ತದೆ. 1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತಗಳು ರೂಪುಗೊಂಡಾಗ ಹೊಸೂರು ಮದರಾಸು ರಾಜ್ಯದಲ್ಲಿ ಉಳಿಯಿತು. 2004ರಲ್ಲಿ ಕೃಷ್ಣಗಿರಿ ಜಿಲ್ಲೆಯಾಯಿತು. 2006ರ ಕಾಯ್ದೆಯ ಅನಂತರ ಶಾಲೆಗಳಲ್ಲಿ ತಮಿಳು ಕಲಿಕೆ ಹಂತಹಂತವಾಗಿ ಕಡ್ಡಾಯವಾಯಿತು. ನಿಮ್ಮಲ್ಲಿ ಹಲವರು ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು, ಶಾಲೆಯಲ್ಲಿ ತಮಿಳು, ಸಂದರ್ಶನದಲ್ಲಿ ಇಂಗ್ಲಿಷ್ ಆಡುವವರು. ಕನ್ನಡಕ್ಕಿಂತ ತಮಿಳನ್ನು ವೇಗವಾಗಿ ಬರೆಯುತ್ತೇನೆಂದು ತಲೆತಗ್ಗಿಸಿ ಹೇಳಿದವರೂ ಇದ್ದಾರೆ. ತಲೆ ತಗ್ಗಿಸಬೇಕಾಗಿಲ್ಲ. ಬೇಂದ್ರೆಯವರ ಮನೆಮಾತು ಮರಾಠಿ; ಮಾಸ್ತಿಯವರ ಮನೆಮಾತು ತಮಿಳು. ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರು ಮರಾಠಿಯಲ್ಲಿ ಓದಿ ಕನ್ನಡದಲ್ಲಿ ಬರೆದು, 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಒಂದು ಭಾಷೆ ಮುಂದೆ ಬಂದಾಗ ಉಳಿದವು ಅವರಲ್ಲಿ ಕಡಿದುಹೋಗಲಿಲ್ಲ. ಯಂತ್ರಕ್ಕಿಂತ ಮನಸ್ಸು ಒಂದು ಹೆಜ್ಜೆ ಮುಂದೆಯೇ ಇದೆ: ಸ್ವಿಚ್ಚಿನಲ್ಲಿ ಒಂದು ಒಳದಾರಿಯ ಚಿತ್ರ ಇನ್ನೊಂದಕ್ಕೆ ಸೇರುವುದಿಲ್ಲ, ಮನಸ್ಸಿನಲ್ಲಿ ಸೇರುತ್ತದೆ. ಮುಱೈ ಎಂಬ ಪದ ನನ್ನ ಪಾಳಿಗೆ ಹೊಸ ಅರ್ಥ ಕೊಟ್ಟದ್ದು ಹಾಗೆಯೇ.

ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ನಮಗೆ ಒಳದಾರಿ ದೊರೆತ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಕನ್ನಡ ಎಂದು ಬರೆದ ಒಳದಾರಿಯನ್ನು ಅಧ್ಯಕ್ಷರು ಆರಿಸಿದಾಗ ಈಚೆಯ ತುದಿಯಲ್ಲಿ ಏನೂ ಇಲ್ಲದಿದ್ದರೆ, ಪರದೆಯ ಮೇಲೆ ಸಂಕೇತವಿಲ್ಲ ಎಂಬ ಸೂಚನೆಯೇ ಬರುತ್ತದೆ. ಆಗ ಯಾರನ್ನೂ ದೂರುವಂತಿಲ್ಲ. ಧರ್ಮಪುರಿಯಲ್ಲಿ ನೊಳಂಬರ ಕಾಲದ ಕನ್ನಡ ಶಾಸನಗಳಿವೆ. ನಿಮ್ಮ ಊರುಗಳ ಕೆರೆಯ ಏರಿಗಳ ಮೇಲೆ, ಹೊಲದ ಬದುಗಳಲ್ಲಿ, ಮಾರಮ್ಮನ ಗುಡಿಯ ಹಿಂದೆ ಕಲ್ಲುಗಳು ನಿಂತಿವೆ. ಕೆಲವು ಅರ್ಧ ಹೂತಿವೆ. ನಿಮ್ಮ ಅಜ್ಜಿಯರಿಗೆ ಬರುವ ರಾಗಿ ಬೀಸುವ ಹಾಡುಗಳನ್ನು ಯಾರೂ ಮುದ್ರಿಸಿಕೊಂಡಿಲ್ಲ. ಶೂಲಗಿರಿ, ಬೇರಿಕೆ, ಬಾಗಲೂರು, ಡೆಂಕಣಿಕೋಟೆಗಳ ಕಡೆಯ ಕನ್ನಡದಲ್ಲಿ ಬೆಂಗಳೂರಿನವರಿಗೆ ಗೊತ್ತಿಲ್ಲದ ಮಾತುಗಳಿವೆ. ಇವನ್ನು ತರಬಲ್ಲವರು ನೀವೇ ಹೊರತು, ಎಲ್ಲಿಂದಲೋ ಬಂದ ನಾನಲ್ಲ.

ಆದುದರಿಂದ ಮುಂದಿನ ಗೋಷ್ಠಿಯ ಮೊದಲು ಪ್ರತಿಯೊಬ್ಬರೂ ಒಂದೊಂದನ್ನು ತನ್ನಿರಿ: ಒಂದು ಕಲ್ಲಿನ ಚಿತ್ರ, ಒಂದು ಹಾಡಿನ ಮುದ್ರಿಕೆ, ಇಲ್ಲವೇ ಹತ್ತು ಪದಗಳ ಪಟ್ಟಿ. ಕಲ್ಲಿನ ಚಿತ್ರವನ್ನು ಬೆಳಿಗ್ಗೆ ಅಥವಾ ಸಂಜೆ, ಬಿಸಿಲು ಓರೆಯಾಗಿ ಬೀಳುವಾಗ ತೆಗೆಯಿರಿ. ಕಲ್ಲಿನ ಮೇಲೆ ಸುಣ್ಣವನ್ನಾಗಲಿ ಬಣ್ಣವನ್ನಾಗಲಿ ಬಳಿಯಬೇಡಿ. ಊರ ಹೆಸರನ್ನೂ ಕಲ್ಲಿನ ಅಳತೆಯನ್ನೂ ಬರೆದುಕೊಳ್ಳಿ. ವಿಭಾಗದ ಸ್ವಿಚ್ಚು ಕಪಾಟಿನ ಮೇಲಿನ ಖಾನೆಯಲ್ಲಿದೆ. ಬಿಡುವಿನ ವೇಳೆಯಲ್ಲಿ ಬಂದು ಜೋಡಿಸಿ, ಬಿಚ್ಚಿ, ಕಲಿಯಿರಿ. ಸಭಾಂಗಣಕ್ಕೆ ಇಂಥದೊಂದು ಬೇಕೆಂಬ ಮನವಿಯನ್ನು ಉಳಿದ ಮೂರು ವಿಭಾಗಗಳ ಸಹೋದ್ಯೋಗಿಗಳೊಡನೆ ಕೂಡಿಯೇ ಪ್ರಾಂಶುಪಾಲರಿಗೆ ಸಲ್ಲಿಸಿದ್ದೇವೆ. ಕನ್ನಡದವರಿಗೆ ಪರದೆ ಏಕೆ ಎಂದು ಕೇಳಿದ್ದ ಆ ಸಹೋದ್ಯೋಗಿಯವರೇ ಅದಕ್ಕೆ ಮೊದಲ ಸಹಿ ಹಾಕಿದರು.

ವೀರಗಲ್ಲಿನ ಚಿತ್ರಗಳನ್ನು ತಂದಿದ್ದ ವಿದ್ಯಾರ್ಥಿನಿ ಈಗ ಅಂತಿಮ ವರ್ಷದಲ್ಲಿದ್ದಾಳೆ. ಆ ಹದಿನೈದು ಚಿತ್ರಗಳನ್ನು ಅವಳು ಇನ್ನೂ ಅಳಿಸಿಲ್ಲ. ಮೊನ್ನೆ ಕೇಳಿ ತಿಳಿದುಕೊಂಡೆ. ಈ ಸಲದ ಗೋಷ್ಠಿಯಲ್ಲಿ ಮೊದಲ ಸರದಿ ಅವಳಿಗೆ ದೊರೆಯಲಿ ಎಂದು ಅಧ್ಯಕ್ಷರನ್ನು ಕೇಳಿಕೊಂಡಿದ್ದೇನೆ.